ಎರಡನೇ ಬುಟ್ಟಿ

ರಾಜಾಜಿನಗರದ ಈ ನೆಲಮಾಳಿಗೆಯಲ್ಲಿ
ನನ್ನ ಕೆಲಸ ಕಬ್ಬಿಣ ಕೇಳುವುದು.
ಕೀಲಿಕೈ, ಬೆಲ್ಟು, ಹೇರ್‌ಪಿನ್ನು, ಕಟ್ಟಿಸಿಕೊಂಡ ಹಲ್ಲು,
ಉಡಿದಾರಕ್ಕೆ ಗಂಟು ಹಾಕಿದ ತಾಯತ,
ಎಲ್ಲ ಈ ಪ್ಲಾಸ್ಟಿಕ್ ಟ್ರೇಗೆ.
ಒಳಗಿರುವುದು ರಾತ್ರಿಯೂ ಮಲಗುವುದಿಲ್ಲ,
ಕರೆಂಟು ಹೋದರೂ ಎಳೆಯುತ್ತಲೇ ಇರುತ್ತದೆ.
ಹೋದ ವರ್ಷ ಒಂದು ಸ್ಟೂಲನ್ನು ಕಚ್ಚಿಕೊಂಡು
ಮೂರು ದಿನ ಬಿಡಲಿಲ್ಲ.

ಪಿಳ್ಳಮ್ಮ, ಎಪ್ಪತ್ತೊಂದು. ಚೀಟಿಯಲ್ಲಿ ಬರೆದಿದ್ದದ್ದು: ಮರೆವು.
ತಾಳಿಯ ದಾರದಿಂದ ಒಂದೊಂದೇ ಪಿನ್ನು ಬಿಚ್ಚುತ್ತಾ,
ಜೊತೆಗೆ ಬಂದ ಸೋದರಸೊಸೆಯನ್ನು
ನರ್ಸೆಂದುಕೊಂಡು ಮೇಡಂ ಮೇಡಂ ಅನ್ನುತ್ತಾ,
ನನ್ನ ಕಡೆ ತಿರುಗಿ ಕೇಳಿದರು:
“ಒಳಗಿರೋದು ಅಯಸ್ಕಾಂತ ತಾನೆ?
ಅದು ಅಳಿಸಲ್ವಾ?”

ಬಹಳ ಜನ ಕೇಳುತ್ತಾರೆ. ಉತ್ತರ ನಾಲಿಗೆ ತುದಿಯಲ್ಲೇ ಇರುತ್ತದೆ:
ತಲೆಯೊಳಗಿನ ನೀರು ಒಂದು ಗಳಿಗೆ ಒಂದೇ ಕಡೆ ಮುಖ ಮಾಡಿ
ಮತ್ತೆ ತನ್ನ ಪಾಡಿಗೆ ತಿರುಗಿಕೊಳ್ಳುತ್ತೆ, ಅಷ್ಟೇ.
ಬೇರೆ ಕಡೆ ಸಣ್ಣ ಸುರುಳಿಯೊಂದನ್ನು ತಲೆಗೆ ಹಿಡಿದು
ಟಕ್ ಟಕ್ ಎಂದು ತಟ್ಟಿ, ಮರೆವಿಗೆ ಮದ್ದಾದೀತೇ ಎಂದು ನೋಡ್ತಾರಂತೆ.
ಆದೀತು, ಆಗದೆಯೂ ಇದ್ದೀತು.
ಇದು ಅದಲ್ಲಮ್ಮ, ಇದು ಬರೀ ಫೋಟೋ.

ನಕ್ಕರು. “ನನಗೇ ಹೇಳ್ತೀಯ.”

ಅಕ್ಕಿಪೇಟೆಯ ಓಣಿ, ಮಹಡಿ ಮೇಲೊಂದು ಕ್ಯಾಸೆಟ್ಟಿನ ಕಾರ್ಖಾನೆ.
ಬಿಕರಿಯಾಗದೆ ವಾಪಸು ಬಂದ ಭಜನೆ, ನಾಟಕ, ಹರಿಕಥೆ
ಬುಟ್ಟಿ ಬುಟ್ಟಿ. ಹನ್ನೊಂದು ವರ್ಷ
ಅಳಿಸುವ ಕೆಲಸ ಈಕೆಯದು.
ಡಬ್ಬದ ಮೇಲಿಡು, ಗುಂಡಿ ಒತ್ತು, ಗುಂಯ್.
“ಒಂದು ಗಂಟೆ ದೇವರು, ಮೂರು ಎಣಿಸೋದ್ರೊಳಗೆ ಬೋಳು.”
ದಿನಕ್ಕೆ ಆರುನೂರು.
ಊಟಕ್ಕೆ ಕೂತರೂ ಮೊಣಕೈವರೆಗೆ ಗುಂಯ್ ಎನ್ನುತ್ತಿತ್ತಂತೆ.

ಒಂದು ದಿನ ಬೇಗೂರಿನ ಶೌರಪ್ಪ, ಬೇಕರಿಯವನು,
ತೀರಿಕೊಂಡ ಹೆಂಡತಿಯ ದನಿಯಿದ್ದ ಒಂದೇ ಒಂದು ಕ್ಯಾಸೆಟ್ಟು ತಂದ.
ಮಕ್ಕಳಿಗೆ ಒಂದೊಂದು ಕಾಪಿ ಬೇಕಿತ್ತು.
ಹಾಕಬೇಕಾದದ್ದು ಮೊದಲನೇ ಬುಟ್ಟಿಗೆ.
ಮೂರು ಸಲ ಬಂದ.
ಮೂರು ಸಲವೂ ಮಿಷಿನ್ನು ಕೆಟ್ಟಿದೆ ಅಂದರು.
ಆಮೇಲೆ ಬರಲಿಲ್ಲ.

ನನಗೆ ಅರ್ಥವಾಯಿತು ಅಂದುಕೊಂಡೆ.
“ಅದೊಂದನ್ನೇ ಅಳಿಸಬೇಕಿತ್ತಾ ಅಮ್ಮಾ? ಹಾಗೆಲ್ಲ ಆಗಲ್ಲ.”

“ಥೂ,” ಅಂದರು. “ಅಳಿಸಿಬಿಟ್ರೆ ಇನ್ನೆಲ್ಲಿರುತ್ತೆ ಅದು?
ಇಸ್ಕೊಂಡಾಗ ಒಂಚೂರು ಹಾಕಿ ಕೇಳಿದ್ದೆ, ಸರಿಯಾಗಿದೆಯಾ ಅಂತ.
ರೀ, ಹಾಲು ಉಕ್ತಾ ಇದೆ, ಅಷ್ಟೂ ಗೊತ್ತಾಗಲ್ವಾ.
ಅಷ್ಟೇ. ಆಮೇಲೆ ನಗು.
ನಮ್ಮೆಜಮಾನ್ರ ಹೆಸರು ನಿನ್ನೆ ಸಿಗಲಿಲ್ಲ, ಇದು ಸಿಗುತ್ತೆ.
ಬೇರೆ ಕಾಪಿ ಇಲ್ಲ ಕಣಪ್ಪ.
ನೀನೊಂದು ಇಟ್ಕೊಂಡಿರು, ಒಳಗೆ ಹೋಗಿ ಬರ್ತೀನಿ.”

ಮೂರು ಸಲ ಹೇಳಿಸಿದರು.
ಮಾತು ಬೇಗ ಬಂತು. ನಗುವನ್ನು ತಿದ್ದಿದರು:
ಅಷ್ಟು ಜೋರಲ್ಲ. ಬಾಯಲ್ಲಲ್ಲ. ಮೂಗಲ್ಲಿ.

ಇಪ್ಪತ್ತೈದು ನಿಮಿಷ ಟಕಟಕ, ಗರಗರ,
ಯಾರೋ ತಗಡಿನ ಬಾಗಿಲು ಬಡಿದಂತೆ.
ಗಾಜಿನಾಚೆ ಕಾಣುತ್ತಿದ್ದದ್ದು ಪಾದಗಳು,
ಕಾಲುಂಗುರ ಕಳಚಿದ ಬೆರಳಲ್ಲಿ ಬಿಳಿಯ ಗೆರೆ.

ಹೊರಗೆ ಬಂದು ಪಿನ್ನು ಎಣಿಸಿಕೊಂಡರು. ಏಳೂ ಇದ್ದವು.
ಹಾಲಿನ ಮಾತೆತ್ತಿದೆ.
“ಯಾವ ಹಾಲು? ನಮ್ಮನೇಲಿ ಪಾಕೀಟು.”

ಅಯಸ್ಕಾಂತದ ಕೆಲಸವಲ್ಲ ಇದು. ಗೊತ್ತು ನನಗೆ.
ಬೆಳಿಗ್ಗೆಯಿಂದ ಹೀಗೇ, ಬರುತ್ತೆ ಹೋಗುತ್ತೆ, ಅಂದಳು ಸೋದರಸೊಸೆ.
ಸಂಜೆ ಆಟೋದಲ್ಲಿ ಇದ್ದಕ್ಕಿದ್ದಂತೆ ಬಂದಿರಲೂಬಹುದು.
ಗೊತ್ತು.
ಆದರೂ ಆ ರಾತ್ರಿ ಮೆಟ್ರೋದಲ್ಲಿ ತುಟಿಯಾಡಿಸುತ್ತಾ ಕೂತಿದ್ದೆ,
ಎದುರಿನವನು ಸೀಟು ಬದಲಿಸಿದ.

ಅಳಿಸಿದ ಟೇಪು ಸುಮ್ಮನಿರಲ್ಲ, ಸ್ಸ್ ಅನ್ನುತ್ತೆ.
ಅದನ್ನೂ ಆಕೆಯೇ ಹೇಳಿದ್ದು.

ಈಗೀಗ ಬೇಗೂರಿನ ಕಡೆ ಹೋದರೆ
ಹಳೇ ಬೇಕರಿಗಳ ಮುಂದೆ ಗಾಡಿ ನಿಧಾನಿಸುತ್ತೇನೆ.
ಹೇಳಬೇಕಾದದ್ದೆಲ್ಲ ಬಾಯಲ್ಲಿದೆ.
ಆ ನಗು ಮಾತ್ರ
ನನ್ನ ಮೂಗಿನಲ್ಲಿ ಇನ್ನೂ ಸರಿಯಾಗಿ ಬರುತ್ತಿಲ್ಲ.